ಸವುಳು ನೀರಿನ ಸೀಗಡಿ ತೊಟ್ಟಿ: ಮಲೆನಾಡಿನ ಮನೆಗಳಲ್ಲಿ ಕಾಣುವ ದೋಷಗಳು ಮತ್ತು ಅವುಗಳ ಪತ್ತೆ

ಈ ಬರಹ ಓಪೇ ಉಲಾ ಎಂಬ ಹವಾಯಿ ದ್ವೀಪಗಳ ಪುಟ್ಟ ಕೆಂಪು ಸೀಗಡಿಗಳನ್ನು ಹತ್ತು ಹದಿನೈದು ಲೀಟರಿನ ಗಾಜಿನ ತೊಟ್ಟಿಯಲ್ಲಿ ಸಾಕುವವರಿಗಾಗಿ. 1963ರಲ್ಲಿ ಹೋಲ್ತುಯಿಸ್ ಎಂಬ ಡಚ್ ಪ್ರಾಣಿಶಾಸ್ತ್ರಜ್ಞರು ಹ್ಯಾಲೋಕ್ಯಾರಿಡಿನಾ ರೂಬ್ರಾ ಎಂದು ಹೆಸರಿಸಿದ ಈ ಸೀಗಡಿ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ. ಅದರ ಮೂಲ ನೆಲೆ ಲಾವಾ ಬಂಡೆಗಳ ನಡುವಿನ ಹೊಂಡಗಳು. ಆ ಹೊಂಡಗಳಿಗೆ ಮೇಲ್ಮೈಯಲ್ಲಿ ಸಮುದ್ರದ ಸಂಪರ್ಕವಿಲ್ಲ. ಆದರೆ ನೆಲದಡಿಯ ಬಿರುಕುಗಳಿಂದ ಸಮುದ್ರದ ನೀರೂ ಒಳನಾಡಿನ ಸಿಹಿನೀರೂ ಬಂದು ಅಲ್ಲಿ ಬೆರೆಯುತ್ತವೆ. ಉಬ್ಬರವಿಳಿತಕ್ಕೆ ತಕ್ಕಂತೆ ಉಪ್ಪಿನಂಶ ಏರಿಳಿಯುವ ಜಾಗದಲ್ಲಿ ಬದುಕಲು ಕಲಿತ ಜೀವಿಯಾದ್ದರಿಂದ ಉಪ್ಪಿನ ಸಣ್ಣ ತಪ್ಪುಗಳನ್ನು ಇದು ತಾಳಿಕೊಳ್ಳುತ್ತದೆ. ಲೋಹದ ವಿಷವನ್ನು ಮಾತ್ರ ತಾಳುವುದಿಲ್ಲ. ಮಲೆನಾಡಿನ ತೊಟ್ಟಿಗಳಲ್ಲಿ ಸೀಗಡಿ ಸತ್ತಾಗ ನಾವು ಮೊದಲು ಆಹಾರವನ್ನೂ ರೋಗವನ್ನೂ ದೂರುತ್ತೇವೆ; ನನ್ನ ಅನುಭವದಲ್ಲಿ ದೋಷವಿರುವುದು ಹೆಚ್ಚಾಗಿ ನೀರು ತೊಟ್ಟಿಗೆ ಬಂದ ದಾರಿಯಲ್ಲಿ. ಆದ್ದರಿಂದ ಯಾವ ಲಕ್ಷಣ ಕಂಡರೂ, ಕಳೆದ ಒಂದು ವಾರದಲ್ಲಿ ತೊಟ್ಟಿಗೆ ಬಿದ್ದ ನೀರು ಯಾವ ಮೂಲದಿಂದ, ಯಾವ ಪಾತ್ರೆಯಲ್ಲಿ, ಯಾರ ಕೈಯಿಂದ ಬಂತು ಎಂದು ಮೊದಲು ಬರೆದುಕೊಳ್ಳಬೇಕು. ಅದಕ್ಕೆ ಖರ್ಚಿಲ್ಲ.

ಹೋಲಿಸಿ ನೋಡಲು ಸರಿಯಾದ ಸ್ಥಿತಿಯ ಅಳತೆಗಳು ಹೀಗಿವೆ: ಸಾಪೇಕ್ಷ ಸಾಂದ್ರತೆ 1.010ರಿಂದ 1.012, ಅಂದರೆ ಸಾವಿರ ಭಾಗದಲ್ಲಿ ಸುಮಾರು 13ರಿಂದ 16 ಭಾಗ ಉಪ್ಪು, ಸಮುದ್ರದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಪಿಎಚ್ 8ರಿಂದ 8.4, ಉಷ್ಣತೆ 20ರಿಂದ 27 ಡಿಗ್ರಿ ಸೆಲ್ಸಿಯಸ್, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ.

ನೀರು ಹಾಲಿನಂತೆ ಬೆಳ್ಳಗಾಗಿದೆ

ಯಾವ ದಿನ ಬೆಳ್ಳಗಾಯಿತು ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಉಪ್ಪು ಹಾಕಿದ ಗಂಟೆಯಲ್ಲೇ ಬಿಳುಪು ಕಂಡರೆ ಅದು ಇನ್ನೂ ಕರಗದ ಉಪ್ಪು ಅಥವಾ ಸರಿಯಾಗಿ ತೊಳೆಯದ ಚಿಪ್ಪಿನ ಪುಡಿ. ಒಂದು ದಿನ ಕಾದರೆ ತಿಳಿಯಾಗುತ್ತದೆ. ಉಪ್ಪನ್ನು ಯಾವಾಗಲೂ ಬೇರೆ ಬಕೆಟ್ಟಿನಲ್ಲಿ, ನೀರು ಮೊದಲು ಸುರಿದು ಆಮೇಲೆ ಉಪ್ಪು ಹಾಕಿ, ಗಾಳಿ ಪಂಪಿನ ಗುಳ್ಳೆಗಳಲ್ಲಿ ಒಂದು ರಾತ್ರಿ ಕರಗಲು ಬಿಡಬೇಕು. ಸೀಗಡಿಗಳಿರುವ ತೊಟ್ಟಿಗೆ ಉಪ್ಪನ್ನು ನೇರವಾಗಿ ಹಾಕುವುದು ಯಾವ ಕಾರಣಕ್ಕೂ ಸಲ್ಲದು. ಮೂರನೆಯ ದಿನದಿಂದ ಹತ್ತನೆಯ ದಿನದೊಳಗೆ ಬಿಳುಪು ಬಂದರೆ ಅದು ಬ್ಯಾಕ್ಟೀರಿಯಾಗಳು ಹೆಚ್ಚಿದ ಗುರುತು. ನೀರು ಬದಲಿಸಬೇಡಿ, ಆಹಾರ ಹಾಕಬೇಡಿ, ಅಮೋನಿಯಾ ಅಳೆಯುತ್ತ ಕಾಯಿರಿ.

ಉಪ್ಪಿನ ಅಳತೆ ದಿನಕ್ಕೊಂದು ತೋರಿಸುತ್ತದೆ

ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನಲ್ಲ, ಉಪಕರಣವನ್ನು. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದೇ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೇರಿ, ಇಲ್ಲದ ಉಪ್ಪನ್ನು ಇದೆ ಎಂದು ತೋರಿಸುತ್ತದೆ. ಉಪಕರಣವನ್ನು ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ, ಮೂರು ಬಾರಿ ಅಳೆದು ನೋಡಿ. ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರಿನ (ಖನಿಜಾಂಶ ತೆಗೆದ ಶುದ್ಧ ನೀರು, ಬ್ಯಾಟರಿ ಆಮ್ಲವಲ್ಲ) ಎರಡು ಹನಿಯಲ್ಲಿ ಸೊನ್ನೆ ಹೊಂದಿಸಿಕೊಳ್ಳಬಹುದು. ಆದರೆ ಸೊನ್ನೆಯಲ್ಲಿ ಸರಿಯಿರುವ ಉಪಕರಣ ಮೇಲಿನ ಅಳತೆಯಲ್ಲಿ ತಪ್ಪುವುದುಂಟು. ಅದನ್ನು ಪರೀಕ್ಷಿಸಲು 36.5 ಗ್ರಾಂ ಒಣ ಅಡುಗೆ ಉಪ್ಪನ್ನು 963.5 ಗ್ರಾಂ ಬ್ಯಾಟರಿ ನೀರಿನಲ್ಲಿ ಕರಗಿಸಿದರೆ, ಸಮುದ್ರದ ನೀರಿಗೆಂದು ಮಾಡಿದ ರಿಫ್ರಾಕ್ಟೋಮೀಟರಿನಲ್ಲಿ ಅದು ಸಾವಿರಕ್ಕೆ 35 ಎಂದು ತೋರಿಸಬೇಕು. ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ನಮ್ಮ ಕೆಲಸಕ್ಕೆ ಬಾಧಕವಿಲ್ಲ. ಈ ನೀರು ಪರೀಕ್ಷೆಗೆ ಮಾತ್ರ, ತೊಟ್ಟಿಗಲ್ಲ.

ಉಪಕರಣ ಸರಿಯಿದ್ದೂ ಅಳತೆ ಏರುತ್ತಿದ್ದರೆ ಕಾರಣ ಆವಿಯಾಗುವಿಕೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಸಾವಿರಕ್ಕೆ 15 ಭಾಗ ಉಪ್ಪಿದ್ದ ಹತ್ತು ಲೀಟರಿನಲ್ಲಿ ಎರಡು ಲೀಟರ್ ಆರಿಹೋದರೆ ಉಳಿದ ಎಂಟು ಲೀಟರಿನಲ್ಲಿ ಅದು 18.75 ಭಾಗವಾಗುತ್ತದೆ. ಶಿವಮೊಗ್ಗ ನಗರದ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಳವಿಲ್ಲದ ಸಣ್ಣ ತೊಟ್ಟಿಗೆ ಇಷ್ಟಾಗಲು ಬಹಳ ದಿನ ಬೇಕಿಲ್ಲ. ಆರಿಹೋದದ್ದನ್ನು ತುಂಬಲು ಉಪ್ಪುನೀರು ಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಸಿಹಿನೀರನ್ನೇ ಹಾಕಬೇಕು. ಗಾಜಿನ ಮೇಲೆ ಅಂಟುಪಟ್ಟಿಯಿಂದ ನೀರಿನ ಮಟ್ಟದ ಗುರುತು ಮಾಡಿ, ಎರಡು ದಿನಕ್ಕೊಮ್ಮೆ ಆ ಗುರುತಿನವರೆಗೆ ತುಂಬುವುದು ಸಾಕು.

ಅಳತೆ ನಿರೀಕ್ಷೆಗಿಂತ ಕಡಿಮೆ ಬರುವ ತೊಂದರೆ ನಮ್ಮ ಮಳೆಗಾಲಕ್ಕೆ ಸೇರಿದ್ದು. ಅಕ್ವೇರಿಯಂಗೆಂದು ಮಾರುವ ಸಮುದ್ರದ ಉಪ್ಪಿನ ಮಿಶ್ರಣ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆಯಲ್ಲೋ ಹೊಸನಗರದಲ್ಲೋ ಆಷಾಢದ ಮಳೆ ಹಿಡಿದು ಹಪ್ಪಳ ಮೆತ್ತಗಾಗುವ ಹೊತ್ತಿಗೆ ಬಾಯಿ ತೆರೆದಿಟ್ಟ ಪೊಟ್ಟಣದ ಉಪ್ಪೂ ಗಟ್ಟಿ ಮುದ್ದೆಯಾಗಿರುತ್ತದೆ. ಒಣ ಮಿಶ್ರಣವಾದರೆ ಲೀಟರಿಗೆ ಸುಮಾರು 16 ಗ್ರಾಂ ಸಾಕು. ತೇವ ಹಿಡಿದದ್ದಾದರೆ ತೂಕದ ಒಂದು ಪಾಲು ನೀರೇ ಆಗಿರುವುದರಿಂದ ಅದೇ 16 ಗ್ರಾಂ ಸಾಲುವುದಿಲ್ಲ. ತೂಕವನ್ನು ನಂಬದೆ, ಕರಗಿಸಿ ಅಳೆದು, ಬೇಕಿದ್ದಷ್ಟು ಸೇರಿಸಿಕೊಳ್ಳಿ. ಮುದ್ದೆಯನ್ನು ಒಲೆಯ ಮೇಲಿಟ್ಟು ಒಣಗಿಸಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದೇ ಪರಿಹಾರ.

ಅಡುಗೆ ಉಪ್ಪಿನಿಂದ ತೊಟ್ಟಿ ಸಿದ್ಧಪಡಿಸಿ ಸಾಂದ್ರತೆ ಸರಿಯಾಗಿ ತೋರಿಸುತ್ತಿದೆ ಎಂದು ಸಮಾಧಾನಪಡುವವರಿದ್ದಾರೆ. ಹೈಡ್ರೋಮೀಟರಿಗೆ ಭಾರ ಮಾತ್ರ ಗೊತ್ತು. ಸೀಗಡಿಗೆ ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಇವು ಯಾವುವೂ ಸಾಕಷ್ಟು ಇಲ್ಲದ ಆ ನೀರಿನಲ್ಲಿ ಅವು ಪೊರೆ ಕಳಚುವಾಗ ಸಿಕ್ಕಿಕೊಂಡು ಸಾಯುತ್ತವೆ. ಘಟ್ಟ ಇಳಿದು ಕುಂದಾಪುರದಿಂದಲೋ ಹೊನ್ನಾವರದಿಂದಲೋ ಸಮುದ್ರದ ನೀರನ್ನು ಕ್ಯಾನಿನಲ್ಲಿ ತರುವುದಾದರೆ, ಅಳಿವೆಯ ಹತ್ತಿರದ್ದನ್ನು ತರಬೇಡಿ. ಮಳೆಗಾಲದಲ್ಲಿ ನದಿಗಳು ಸೇರಿ ಅದರ ಉಪ್ಪಿನಂಶ ಬಹಳ ಇಳಿದಿರುತ್ತದೆ, ಊರಿನ ಕೊಳೆಯೂ ಬೆರೆತಿರುತ್ತದೆ.

ಹೊಸದಾಗಿ ಬಿಟ್ಟ ಸೀಗಡಿಗಳು ಒಂದೆರಡು ದಿನದಲ್ಲೇ ಸಾಯುತ್ತಿವೆ

ಮೊದಲು ದಿನಾಂಕ ನೋಡಿ. ತೊಟ್ಟಿಗೆ ನೀರು ತುಂಬಿ ನಾಲ್ಕು ವಾರ ಆಗಿಲ್ಲದಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯ ಬಹುಶಃ ಬೀಳದು. ಕೊಳೆಯುವ ಪದಾರ್ಥದಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡು ಗುಂಪುಗಳೂ ಕಲ್ಲು, ಚಿಪ್ಪುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಾಗಿಯ ಚಳಿಯಲ್ಲಿ ಇನ್ನೂ ನಿಧಾನ. ಅಮೋನಿಯಾ ಪರೀಕ್ಷಾ ಕಿಟ್ಟಿನಲ್ಲಿ ಹಸಿರು ಬಂದರೆ, ನೀರಿನ ಪಿಎಚ್ 8ರ ಮೇಲಿರುವುದರಿಂದ ಆ ಅಮೋನಿಯಾ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು ವಿಷಕಾರಿ ರೂಪದಲ್ಲಿರುತ್ತದೆ ಎಂಬುದನ್ನು ನೆನಪಿಡಬೇಕು. ಉಳಿದ ಸೀಗಡಿಗಳಿಗಾಗಿ, ಅದೇ ಉಪ್ಪಿನಂಶದ ನೀರನ್ನು ತಯಾರಿಸಿಕೊಂಡು ದಿನಕ್ಕೆ ನಾಲ್ಕನೆಯ ಒಂದು ಭಾಗ ಬದಲಿಸುತ್ತ ಬನ್ನಿ.

ಕಿಟ್ಟಿನಲ್ಲಿ ಏನೂ ಕಾಣದಿದ್ದರೆ ಕ್ಲೋರಿನ್ನನ್ನು ಪರಿಶೀಲಿಸಿ. ನಗರದ ನಲ್ಲಿಯಲ್ಲಿ ಬರುವ ತುಂಗೆಯ ನೀರು ಶುದ್ಧೀಕರಣದಲ್ಲಿ ಕ್ಲೋರಿನ್ ಪಡೆದೇ ಬರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕ ಬಳಸಬಹುದು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿದ ವಾರದಲ್ಲಿ ಬಾವಿ ನೀರಿಗೂ ಇದೇ ಎಚ್ಚರಿಕೆ ಬೇಕು.

ಇವೆರಡೂ ಅಲ್ಲದಿದ್ದರೆ ಬಿಟ್ಟ ರೀತಿಯನ್ನೂ ಜಾತಿಯನ್ನೂ ನೋಡಬೇಕು. ಪೊಟ್ಟಣದ ನೀರಿಗೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಎರಡು ಗಂಟೆ ಬೆರೆಸಿ ಆಮೇಲೆ ಸೀಗಡಿಗಳನ್ನು ಬಿಡಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಚೆರ್ರಿ ಸೀಗಡಿಯೂ ಕೆಂಪೇ. ಆದರೆ ಅದು ಸಿಹಿನೀರಿನ ಜೀವಿ, ಈ ತೊಟ್ಟಿಯಲ್ಲಿ ಬಿಡಬಾರದು. ಹೆಸರು ಖಚಿತವಾಗದೆ ಕೊಳ್ಳಬೇಡಿ.

ತಿಂಗಳುಗಟ್ಟಲೆ ಚೆನ್ನಾಗಿದ್ದವು ಒಮ್ಮೆಲೇ ಚಡಪಡಿಸಿ ಸಾಯುತ್ತಿವೆ

ಹಳೆಯ, ನೆಲೆಗೊಂಡ ತೊಟ್ಟಿಯಲ್ಲಿ ಸೀಗಡಿಗಳು ದಿಕ್ಕೆಟ್ಟು ಈಜಿ, ಗಾಜಿಗೆ ಬಡಿದು, ಮಗುಚಿ ಬಿದ್ದು ಕಾಲಾಡಿಸುತ್ತಿದ್ದರೆ ಅದು ವಿಷದ ಲಕ್ಷಣ. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಸೀಮೆಯ ಮನೆಗಳಲ್ಲಿ ತಾಮ್ರ ಬರುವ ದಾರಿಗಳು ಬೇರೆಡೆಗಿಂತ ಹೆಚ್ಚು.

ಮೊದಲನೆಯದು ಬಚ್ಚಲು ಮನೆಯ ಹಂಡೆ. ಚಳಿಗಾಲದಲ್ಲಿ ತೊಟ್ಟಿಯ ನೀರು ತಣ್ಣಗಾಯಿತೆಂದು ತಾಮ್ರದ ಹಂಡೆಯಿಂದ ಒಂದು ತಂಬಿಗೆ ಬೆಚ್ಚಗಿನ ನೀರು ತಂದು ಸುರಿಯುವುದು ಎಷ್ಟು ಸಹಜವೋ ಅಷ್ಟೇ ಅಪಾಯಕರ. ಮಲೆನಾಡಿನ ಮೃದುವಾದ, ತುಸು ಆಮ್ಲೀಯವಾದ ಬಾವಿ ನೀರು ರಾತ್ರಿಯೆಲ್ಲ ತಾಮ್ರದಲ್ಲಿ ಬಿಸಿಯಾಗಿ ನಿಂತರೆ ಲೋಹವನ್ನು ಕರಗಿಸಿಕೊಳ್ಳುತ್ತದೆ. ನನ್ನ ಮೊದಲ ತೊಟ್ಟಿಯ ಹದಿನೆಂಟು ಸೀಗಡಿಗಳನ್ನು ಕಳೆದುಕೊಂಡದ್ದು ಹೀಗೆಯೇ. ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ಕುಡಿಯುವ ನೀರೂ ಬೇಡ.

ಎರಡನೆಯದು ತೋಟ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಆ ದ್ರಾವಣದ ಒಂದು ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ತಾಮ್ರವಿದೆ. ಅದು ಹತ್ತು ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ 0.25 ಮಿಲಿಗ್ರಾಂ ಆಯಿತು. ಸಮುದ್ರದ ಮೀನುಗಳ ಪರಾವಲಂಬಿ ರೋಗಕ್ಕೆ ಔಷಧಿಯಾಗಿ ಬಳಸುವ ತಾಮ್ರದ ಪ್ರಮಾಣವೇ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ, ಮತ್ತು ಆ ಪ್ರಮಾಣದಲ್ಲಿ ಸೀಗಡಿ, ಬಸವನಹುಳುಗಳು ಉಳಿಯುವುದಿಲ್ಲ. ಸುಣ್ಣ ಬೆರೆತಿರುವುದರಿಂದ ಬೋರ್ಡೋದ ತಾಮ್ರ ಬಹುಪಾಲು ಕರಗದ ಕಣಗಳಲ್ಲಿ ಇರುತ್ತದೆ ಎಂಬುದು ನಿಜ; ಆದರೆ ಅದೇ ಕಣಗಳು ಔಷಧಿಯ ಡ್ರಮ್ಮಿನ ಒಳಗೋಡೆಗೆ, ಮಗ್ಗಿಗೆ, ಪೈಪಿಗೆ ನೀಲಿ ಹೊಪ್ಪಳಿಕೆಯಾಗಿ ಅಂಟಿಕೊಂಡು ಮುಂದೆ ನಿಧಾನವಾಗಿ ಬಿಡುತ್ತವೆ. ಔಷಧಿ ಕಲಸಿದ ಯಾವ ಪಾತ್ರೆಯೂ ಎಷ್ಟು ತೊಳೆದರೂ ತೊಟ್ಟಿಯ ಕೆಲಸಕ್ಕೆ ಬಾರದು. ಮನೆಗೆ ಅಬ್ಬಿ ನೀರು ಬರುವವರು, ಆ ಅಬ್ಬಿ ಯಾರ ತೋಟದ ಮೇಲಿನಿಂದ ಇಳಿದು ಬರುತ್ತದೆ ಎಂದು ವಿಚಾರಿಸಿಕೊಳ್ಳಬೇಕು. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು ನಲವತ್ತು ದಿನಗಳ ನಂತರ ಮತ್ತೊಮ್ಮೆ ಔಷಧಿ ಹೊಡೆಯುವ ಹೊತ್ತಿನಲ್ಲಿ ಆ ನೀರನ್ನು ತೊಟ್ಟಿಗೆ ಬಳಸದಿರುವುದು ಕ್ಷೇಮ.

ಮೂರನೆಯದು ಕೈ ಮತ್ತು ಗಾಳಿ. ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಹತ್ತದಂತೆ ಕಾಡಿಗೆ ಹೋಗುವವರು ತೈಲ ಹಚ್ಚಿಕೊಳ್ಳುತ್ತಾರೆ. ಅದು ಮನುಷ್ಯನ ಪ್ರಾಣ ಉಳಿಸುವ ವಸ್ತು, ಹಚ್ಚಿಕೊಳ್ಳಲೇಬೇಕು. ಆದರೆ ಆ ಕೈಯನ್ನು ತೊಟ್ಟಿಗೆ ಅದ್ದಬಾರದು. ಸೊಳ್ಳೆ ಬತ್ತಿ, ಸೊಳ್ಳೆ ಓಡಿಸುವ ದ್ರವದ ಯಂತ್ರ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ವಿಷಗಳು ಕೀಟಗಳನ್ನು ಕೊಲ್ಲುವಂತೆಯೇ ಸೀಗಡಿಗಳನ್ನೂ ಕೊಲ್ಲುತ್ತವೆ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿನೊಳಗೆ ಊದುತ್ತದೆ ಎಂಬುದನ್ನು ಮರೆಯುವಂತಿಲ್ಲ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಪರದೆಯೇ ಸರಿಯಾದ ವ್ಯವಸ್ಥೆ.

ವಿಷದ ಅನುಮಾನ ಬಂದ ತಕ್ಷಣ ಮಾಡಬೇಕಾದದ್ದು: ಬದುಕಿರುವ ಸೀಗಡಿಗಳನ್ನು, ಅದೇ ಉಪ್ಪಿನಂಶದಲ್ಲಿ ಬ್ಯಾಟರಿ ನೀರು ಅಥವಾ ಆರ್‌ಒ ನೀರಿನಿಂದ ತಯಾರಿಸಿದ ಹೊಸ ನೀರಿರುವ ಶುಚಿಯಾದ ಗಾಜಿನ ಭರಣಿಗೆ ವರ್ಗಾಯಿಸಿ. ಇಂಥ ಮೂರು ಲೀಟರ್ ನೀರನ್ನು ಯಾವಾಗಲೂ ಸಿದ್ಧವಾಗಿಟ್ಟಿರುವುದು ನನ್ನ ಅಭ್ಯಾಸ. ಆನಂತರ ತಾಮ್ರದ ಪರೀಕ್ಷಾ ಕಿಟ್ ಬಳಸಿ ತೊಟ್ಟಿಯ ನೀರನ್ನೂ ಮೂಲದ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ತಾಮ್ರ ಸಿಕ್ಕರೆ ಸಕ್ರಿಯ ಇದ್ದಿಲು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ, ಆದರೆ ತಳದ ಚಿಪ್ಪುಗಳು ಹೀರಿಕೊಂಡದ್ದನ್ನು ತೆಗೆಯಲಾರದು. ಚಿಪ್ಪು, ಕಲ್ಲುಗಳನ್ನು ಬಿಸಾಡಿ ಮೊದಲಿನಿಂದ ಆರಂಭಿಸಿ.

ಬಣ್ಣ ಮಸುಕಾಗಿದೆ, ಅಡಗಿ ಕುಳಿತಿವೆ. ಅಥವಾ ತಳದಲ್ಲಿ ಹೆಣದಂತೆ ಬಿದ್ದಿವೆ

ತಳದಲ್ಲಿ ಬಿದ್ದಿರುವುದನ್ನು ಮೊದಲು ದೀಪದ ಎದುರು ಹಿಡಿದು ನೋಡಿ. ಪಾರದರ್ಶಕವಾಗಿ, ಟೊಳ್ಳಾಗಿ, ಬೆನ್ನಿನಲ್ಲಿ ಸೀಳಿದ್ದರೆ ಅದು ಕಳಚಿದ ಪೊರೆ, ಬೆಳವಣಿಗೆಯ ಒಳ್ಳೆಯ ಸೂಚನೆ. ಅಲ್ಲಿಯೇ ಬಿಡಿ, ಸೀಗಡಿಗಳೇ ಅದನ್ನು ಕೆರೆದು ತಿನ್ನುತ್ತವೆ. ಮಾಂಸ ತುಂಬಿ ಮಬ್ಬಾಗಿದ್ದರೆ ಮಾತ್ರ ಸತ್ತದ್ದು, ಕೂಡಲೇ ತೆಗೆಯಬೇಕು.

ಬಣ್ಣ ಮಾಸುವುದು ರಾತ್ರಿ ಸಹಜ. ಹಗಲಲ್ಲೂ ಮಾಸಿದ್ದು, ತೊಟ್ಟಿ ಹೊಸದಾಗಿದ್ದರೆ ಎರಡು ಮೂರು ವಾರ ತೊಂದರೆ ಕೊಡದೆ ಬಿಡಿ. ಹಳೆಯ ತೊಟ್ಟಿಯಾಗಿದ್ದರೆ ಬೆಳಗಿನ ಜಾವ ಮತ್ತು ಮಧ್ಯಾಹ್ನ ಎರಡು ಹೊತ್ತು ಉಷ್ಣತೆ ಅಳೆಯಿರಿ. ಹತ್ತು ಲೀಟರ್ ನೀರು ಕೋಣೆಯ ಜೊತೆಗೇ ತಣಿದು ಕಾಯುತ್ತದೆ. ದಿನದೊಳಗೆ ನಾಲ್ಕೈದು ಡಿಗ್ರಿ ಏರಿಳಿಯುತ್ತಿದ್ದರೆ ಕಿಟಕಿಯಿಂದ ಒಳಗೋಡೆಗೆ ತೊಟ್ಟಿಯನ್ನು ಸರಿಸುವುದು ಹೀಟರಿಗಿಂತ ಅಗ್ಗದ ಮತ್ತು ಸುರಕ್ಷಿತವಾದ ಉಪಾಯ. ಅತಿ ಆಹಾರವೂ ಒಂದು ಕಾರಣ. ಕಲ್ಲಿನ ಮೇಲೆ ಪಾಚಿ ಬೆಳೆದಿರುವ ತೊಟ್ಟಿಯಲ್ಲಿ ಇವುಗಳಿಗೆ ಕೈಯಿಂದ ಆಹಾರ ಹಾಕುವ ಅಗತ್ಯ ಬಹಳ ಅಪರೂಪ.

ಪಿಎಚ್ ವಾರವಾರಕ್ಕೂ ಇಳಿಯುತ್ತಿದೆ

ಹೇರಳವಾದ ಮಳೆಯಲ್ಲಿ ಶತಮಾನಗಳಿಂದ ತೊಳೆದುಹೋದ ಜಂಬಿಟ್ಟಿಗೆಯ ನೆಲದಲ್ಲಿ ಸುಣ್ಣದಂಶ ಅತಿ ಕಡಿಮೆ; ಆ ನೆಲದಿಂದ ಬಂದ ಬಾವಿ ನೀರಿಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ ಅಷ್ಟೇ ಕಡಿಮೆ. ಸಮುದ್ರದ ಉಪ್ಪಿನ ಮಿಶ್ರಣ ಆ ಶಕ್ತಿಯನ್ನು ತರುತ್ತದೆಯಾದರೂ ನಾವು ಹಾಕುವುದು ಅರ್ಧಕ್ಕಿಂತ ಕಡಿಮೆ ಉಪ್ಪಾದ್ದರಿಂದ ಬರುವುದೂ ಅರ್ಧಕ್ಕಿಂತ ಕಡಿಮೆಯೇ. ಬಾವಿಯಿಂದ ಆಗತಾನೆ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದು ಪಿಎಚ್ ಸುಳ್ಳಾಗಿ ಕೆಳಗೆ ತೋರಿಸಬಹುದು. ಒಂದು ರಾತ್ರಿ ಗಾಳಿಯಾಡಿಸಿ ಮತ್ತೆ ಅಳೆಯಿರಿ. ಆಗಲೂ ತೊಟ್ಟಿಯ ಪಿಎಚ್ 7.8ಕ್ಕಿಂತ ಕೆಳಗಿದ್ದರೆ, ಕರಾವಳಿಯವರು ಬಳಚು ಎನ್ನುವ ಕಪ್ಪೆಚಿಪ್ಪನ್ನು ಕುದಿಸಿ, ಉಜ್ಜಿ ತೊಳೆದು, ಒಡೆದು ತಳಕ್ಕೆ ಹಾಕಬಹುದು. ನೀರು ಆಮ್ಲದ ಕಡೆಗೆ ವಾಲಿದಂತೆ ಚಿಪ್ಪು ನಿಧಾನವಾಗಿ ಕರಗಿ ಅದನ್ನು ಎತ್ತಿಹಿಡಿಯುತ್ತದೆ. ತುರ್ತಿಗೆ ಹತ್ತು ಲೀಟರಿಗೆ ಅರ್ಧ ಗ್ರಾಂ ಅಡುಗೆ ಸೋಡಾ ಸಾಕು, ಅದನ್ನು ಮೊದಲು ಲೋಟದಲ್ಲಿ ಕರಗಿಸಿಕೊಂಡು, ದಿನಕ್ಕೊಮ್ಮೆಗಿಂತ ಹೆಚ್ಚು ಹಾಕದೆ. ಚಿಪ್ಪುಸುಣ್ಣವನ್ನು, ಎಲೆಗೆ ಹಚ್ಚುವ ಸುಣ್ಣವನ್ನು ಹಾಕಲೇಬಾರದು; ಪಿಎಚ್ ನಿಮಿಷಗಳಲ್ಲಿ ಮಿತಿಮೀರಿ ಏರುತ್ತದೆ. ಹವಳದ ತುಂಡುಗಳನ್ನೂ ಹುಡುಕಿಕೊಂಡು ಹೋಗಬೇಡಿ: ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ನಮ್ಮ ಕೆಲಸ ಚಿಪ್ಪಿನಿಂದಲೇ ಆಗುತ್ತದೆ.

ಕೊಳೆತ ಮೊಟ್ಟೆಯ ವಾಸನೆ

ಐದು ಸೆಂಟಿಮೀಟರಿಗಿಂತ ದಪ್ಪವಾಗಿ ಹಾಸಿದ ನುಣುಪು ಮರಳಿನಡಿ ಆಮ್ಲಜನಕ ತಲುಪದೆ ಹೈಡ್ರೋಜನ್ ಸಲ್ಫೈಡ್ ಉಂಟಾಗುತ್ತದೆ. ಗಾಜಿನ ಬದಿಯಿಂದ ನೋಡಿದರೆ ಮರಳು ಕಪ್ಪಾಗಿರುತ್ತದೆ. ಕಲಕಬೇಡಿ. ಸೀಗಡಿಗಳನ್ನು ಬೇರೆಡೆಗೆ ಸಾಗಿಸಿದ ನಂತರ, ಕಿಟಕಿ ತೆರೆದಿಟ್ಟು, ಮರಳನ್ನು ತೆಗೆದು ಎರಡು ಸೆಂಟಿಮೀಟರಿಗೆ ಇಳಿಸಿ.

ನೀರಿಗೆ ಕೈ ಹಾಕಿದರೆ ಜುಮ್ ಎನ್ನುತ್ತದೆ

ಇಲ್ಲಿ ಪತ್ತೆ ಕಾರ್ಯ ನಿಲ್ಲಬೇಕು. ಕೈ ಹಿಂತೆಗೆದು, ತೊಟ್ಟಿಯ ಪ್ಲಗ್ ಮುಟ್ಟದೆ, ಒಣಗಿದ ಕೈಯಿಂದ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಬಿರುಕುಬಿಟ್ಟ ಹೀಟರ್, ಉಪ್ಪು ಹರಳುಗಟ್ಟಿದ ಪ್ಲಗ್, ತೇವ ಹಿಡಿದ ಗೋಡೆಯ ಸಾಕೆಟ್ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಬಾಗಿ ಮೇಲೇರುವಂತೆ ಇಟ್ಟರೆ ಜಾರಿದ ಹನಿ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇಲ್ಲದ ಹಳೆಯ ಮನೆಗಳಲ್ಲಿ ಹೀಟರ್ ಬಳಸದಿರುವುದೇ ಒಳಿತು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪಂಪಿನ ಪ್ಲಗ್ ಕಿತ್ತಿಡಿ. ಕೆಲವು ಗಂಟೆ ಗಾಳಿಯಿಲ್ಲದಿದ್ದರೆ ಈ ಸೀಗಡಿಗಳಿಗೆ ತೊಂದರೆಯಾಗದು.

ಎಲ್ಲಿ ನಿಲ್ಲಿಸಬೇಕು

ಉಪ್ಪಿನಂಶ, ಅಮೋನಿಯಾ, ನೈಟ್ರೈಟ್, ಪಿಎಚ್, ಉಷ್ಣತೆ ಐದೂ ಸರಿಯಿದ್ದು, ನೀರನ್ನು ಎರಡು ಬಾರಿ ಭಾಗಶಃ ಬದಲಿಸಿದರೂ ಸಾವು ನಿಲ್ಲದಿದ್ದರೆ ಮನೆಯಲ್ಲಿ ಇನ್ನಷ್ಟು ಔಷಧಿ ಪ್ರಯೋಗಿಸಬೇಡಿ. ಮೀನಿನ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಆಧಾರ. ಮೂಲದ ನೀರನ್ನು ಶುಚಿಯಾದ ಬಾಟಲಿಯಲ್ಲಿ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಲೋಹಗಳ ಪರೀಕ್ಷೆ ಸಾಧ್ಯವೇ ಎಂದು ಕೇಳಿ. ಅದೇ ಬಾವಿಯ ನೀರನ್ನು ಮನೆಯವರೂ ಕುಡಿಯುತ್ತಿದ್ದರೆ ಈ ಪರೀಕ್ಷೆಯನ್ನು ಮುಂದೂಡಬೇಡಿ.

ತೆಗೆದ ಉಪ್ಪುನೀರನ್ನು ಅಡಿಕೆ, ಕಾಳುಮೆಣಸಿನ ಬುಡಕ್ಕೆ, ಬಾವಿಯ ಕಟ್ಟೆಯ ಬಳಿ ಚೆಲ್ಲದೆ, ಬಚ್ಚಲ ಮೋರಿಯಲ್ಲಿ ಸಾಕಷ್ಟು ಸಿಹಿನೀರಿನೊಂದಿಗೆ ಬಿಡಿ. ತೊಟ್ಟಿಯನ್ನು ಮುಚ್ಚುವುದೇ ಆದರೆ ಉಳಿದ ಸೀಗಡಿಗಳನ್ನು ಸಾಕುವವರಿಗೆ ಕೊಡಿ. ತುಂಗೆಗೂ ಊರ ಕೆರೆಗೂ ಬಿಡಬೇಡಿ.